ಹಾಸನದ ಸಾವುಗಳೂ ಲಸಿಕೆಯ ಮೇಲಿನ ಗುಮಾನಿಯೂ

"ಕೋವಿಡ್ ಲಸಿಕೆ ಹಾಕಿಸ್ಕೊಂಡಿದ್ರಾ?" ನಲವತ್ತು ದಾಟದವರು ಯಾರಾದರೂ ದಿಢೀರನೆ ತೀರಿಕೊಂಡರೆ ಸಾವಿನ ಮನೆಯಲ್ಲಿ ಈಗ ಮೊದಲು ಕೇಳಿಬರೋದು ಈ ಮಾತು. 2025ರ ಜೂನ್‌ನಲ್ಲಿ ಹಾಸನದಿಂದ ಮೇಲಿಂದ ಮೇಲೆ ಹೃದಯಾಘಾತದ ಸುದ್ದಿ ಬಂದಾಗ ಈ ಗುಮಾನಿ ಗಟ್ಟಿಯಾಯಿತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಉದ್ದುದ್ದ ಕ್ಯೂ. ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟಿದ್ದೂ ಕಾರಣವಿರಬಹುದು ಅಂತ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರೇ ಹೇಳಿದರು.

ಅನುಮಾನ ಪಡೋದು ತಪ್ಪಲ್ಲ. ಆದರೆ ಆ ಪ್ರಶ್ನೆಯಿಂದ ಉತ್ತರ ಸಿಗಲ್ಲ. ದೊಡ್ಡವರೆಲ್ಲ ಹೆಚ್ಚುಕಡಿಮೆ ಲಸಿಕೆ ಹಾಕಿಸಿಕೊಂಡವರೇ. ಸತ್ತವರೂ ಹಾಕಿಸಿಕೊಂಡಿರುತ್ತಾರೆ, ಪಕ್ಕದ ಮನೆಯಲ್ಲಿ ಆರೋಗ್ಯವಾಗಿ ಇರೋರೂ ಹಾಕಿಸಿಕೊಂಡಿರುತ್ತಾರೆ. ಇಬ್ಬರನ್ನೂ ಹೋಲಿಸಿ ನೋಡಬೇಕು.

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ 47 ಆಸ್ಪತ್ರೆಗಳ ಮೂಲಕ ಮಾಡಿದ್ದು ಇದನ್ನೇ. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ, ಚೆನ್ನಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವರ್ಷದ 729 ಜನರ ವಿವರ ತೆಗೆದರು. ಒಬ್ಬೊಬ್ಬರಿಗೂ ಜೋಡಿಯಾಗಿ ಅದೇ ವಯಸ್ಸಿನ, ಅದೇ ನೆರೆಹೊರೆಯ ನಾಲ್ಕು ಜನ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಒಟ್ಟು 2,916. ಎಲ್ಲರ ಬಗ್ಗೆಯೂ ಅವೇ ಪ್ರಶ್ನೆ. ಲಸಿಕೆಯಿಂದ ಸಾವು ಬಂದಿದ್ದರೆ ಸತ್ತವರ ಕಡೆ ಲಸಿಕೆ ಪಡೆದವರ ಪಾಲು ಹೆಚ್ಚಿರಬೇಕಿತ್ತು. ಆದರೆ ಎರಡು ಡೋಸ್ ಪಡೆದವರಲ್ಲಿ ಇಂಥ ಸಾವಿನ ಸಂಭವ ಕಮ್ಮಿಯೇ ಇತ್ತು. ಜಾಸ್ತಿ ಕಂಡದ್ದು ಬೇರೆ ಕಡೆ: ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಇದ್ದವರು, ಸಾಯುವ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿದವರು ಅಥವಾ ಮೈಮುರಿಯುವಂಥ ಕಸರತ್ತು ಮಾಡಿದವರು.

ಹಾಸನದ್ದನ್ನು ನೋಡಿದ್ದು ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ. ಸುದ್ದಿಯಾದ 24 ಸಾವುಗಳಲ್ಲಿ 4 ಹೃದಯದ್ದೇ ಅಲ್ಲ. ಜಯದೇವಕ್ಕೆ ಬಂದ 251 ರೋಗಿಗಳನ್ನು ಪರೀಕ್ಷಿಸಿದರೆ ಬೀಡಿ-ಸಿಗರೇಟು ಸೇದುವವರು 111, ಬಿಪಿ ಇದ್ದವರು 102, ಶುಗರ್ ಇದ್ದವರು 87. ಲಸಿಕೆಯ ನಂಟು ಕಾಣಲಿಲ್ಲ. ಹಾಗಂತ ಎಲ್ಲಾ ಬಗೆಹರಿಯಿತು ಅಂತಲ್ಲ, ಇಂಥ ಯಾವ ಕಾರಣವೂ ಇಲ್ಲದವರು 77 ಜನ ಇದ್ದರು. ಮನೆಯಲ್ಲಿ ತೀರಿಕೊಂಡವರನ್ನು ಪೋಸ್ಟ್‌ಮಾರ್ಟಂ ಇಲ್ಲದೆ ಮಣ್ಣು ಮಾಡಿದರೆ ಕಾರಣ ಯಾವತ್ತಿಗೂ ಗೊತ್ತಾಗಲ್ಲ. ಆ ಹೊತ್ತಲ್ಲಿ ಮನೆಯವರನ್ನು ಒಪ್ಪಿಸೋದು ಎಷ್ಟು ಕಷ್ಟ ಅಂತ ಗೊತ್ತು. ಆದರೂ ಮಾಡಿಸಲೇಬೇಕು.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಅನ್ನೋದೂ ಸುಳ್ಳು, ಆ ಸುಳ್ಳೇ ಜನರ ನಂಬಿಕೆ ಕೆಡಿಸಿತು. ಕೋವಿಶೀಲ್ಡ್‌ನಿಂದ ಟಿಟಿಎಸ್ ಅನ್ನೋ ತೀರಾ ಅಪರೂಪದ ತೊಂದರೆ ಬರಬಹುದು: ಪ್ಲೇಟ್‌ಲೆಟ್ ಇಳಿದು, ಜೊತೆಗೇ ರಕ್ತ ಹೆಪ್ಪುಗಟ್ಟುತ್ತದೆ. ಅದು ಕಾಣಿಸಿಕೊಳ್ಳೋದು ಚುಚ್ಚಿಸಿಕೊಂಡ ಆರು ವಾರದೊಳಗೆ. 2021ರಲ್ಲಿ ಹಾಕಿಸಿಕೊಂಡವರು ಈಗ ಹೆದರಿ, ಹೆಪ್ಪುಗಟ್ಟಿದೆಯಾ ಅಂತ ನೋಡೋ ಡಿ-ಡೈಮರ್ ಟೆಸ್ಟಿಗೆ ದುಡ್ಡು ಕೊಡೋದು ದಂಡ. ಇನ್ನು ಹುಡುಗರಲ್ಲಿ ಹೃದಯದ ಸ್ನಾಯು ಊದಿಕೊಂಡ ವರದಿಗಳು ಮುಖ್ಯವಾಗಿ ಫೈಜರ್, ಮಾಡೆರ್ನಾದವು. ನಮ್ಮ ಅಭಿಯಾನದಲ್ಲಿ ಅವನ್ನು ಕೊಡಲೇ ಇಲ್ಲ. ವಾಟ್ಸಾಪ್‌ನಲ್ಲಿ ಎಲ್ಲಾ ಲಸಿಕೆಯೂ ಒಂದೇ ಆಗಿ ಕಲಸಿಹೋಗಿದೆ.

ನನಗೆ ಸಂಕಟ ಆಗೋದು, ಲಸಿಕೆಯ ಕಡೆ ಬೆರಳು ತೋರಿಸುವಾಗ ಕೈತಪ್ಪಿ ಹೋಗೋ, ಹೃದಯಾಘಾತದ ಆ ಮೊದಲ ಒಂದು ಗಂಟೆಯ ಬಗ್ಗೆ. ಎದೆ ಹಿಂಡಿದ ಹಾಗಾಗುತ್ತದೆ, ನೋವು ಎಡಗೈಗೋ ದವಡೆಗೋ ಏರುತ್ತದೆ, ಮೈ ತಣ್ಣಗೆ ಬೆವರುತ್ತದೆ. "ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಸೋಡಾ ಕುಡಿಸಿ ಮಲಗಿಸುತ್ತಾರೆ. ಶುಗರ್ ಇದ್ದವರಿಗೆ ನೋವೇ ಬರದೆ ಬರೀ ಉಸಿರು ಕಟ್ಟಿದ ಹಾಗೆ, ಸುಸ್ತಾದ ಹಾಗೆ ಆಗಬಹುದು. ಇಂಥವರನ್ನು ಬೈಕಿನಲ್ಲಿ ಕೂರಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೊಡ್ಡಾಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೊದಲ ಇಸಿಜಿ ನಾರ್ಮಲ್ ಬಂದೂ ನೋವು ಹಾಗೇ ಇದ್ದರೆ ಮನೆಗೆ ಹೊರಡಬೇಡಿ. ಅರ್ಧ ಗಂಟೆಯೊಳಗೆ ಇನ್ನೊಂದು ಇಸಿಜಿ, ಜೊತೆಗೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸೋ ಟ್ರೊಪೋನಿನ್ ರಕ್ತಪರೀಕ್ಷೆ ಮಾಡಿ ಅಂತ ಕೇಳಿ.