ಪ್ರಬಂಧಗಳ ಎಣಿಕೆಯಷ್ಟೇ ಸಾಲದು

ನೆಟ್‌ವರ್ಕ್ ಫಾರ್ಮಕಾಲಜಿಯಲ್ಲಿ, ಅಂದರೆ ಔಷಧ ಮತ್ತು ರೋಗದ ಪ್ರೋಟೀನುಗಳ ನಂಟನ್ನು ಕಂಪ್ಯೂಟರಿನಲ್ಲಿ ಜಾಲದಂತೆ ನಕ್ಷೆ ಮಾಡಿ ಅರಿಯುವ ಶಾಖೆಯಲ್ಲಿ, ನರರೋಗಗಳ ಕುರಿತು ದುಡಿಯುತ್ತಿರುವ ವಿಜ್ಞಾನಿಯೊಬ್ಬರನ್ನು ಪರಿಚಯಿಸಿದ ನಿಮ್ಮ ಲೇಖನವು ಅವರ ಸಾಧನೆಯನ್ನು ಪ್ರಬಂಧ ಮತ್ತು ಉಲ್ಲೇಖಗಳ ಸಂಖ್ಯೆಯಲ್ಲೇ ಅಳೆದಿದೆ. ಕನ್ನಡದಲ್ಲಿ ಈ ವಿಷಯ ಬಂದದ್ದಕ್ಕೆ ನಿಜಕ್ಕೂ ಸಂತೋಷ. ಆದರೆ ಕೆಲಸದ ತಿರುಳು ಕಾಣಲಿಲ್ಲ.

2007ರಲ್ಲಿ ಆಂಡ್ರ್ಯೂ ಹಾಪ್ಕಿನ್ಸ್ ಈ ಹೆಸರನ್ನು ಮುಂದಿಟ್ಟಾಗ ಪ್ರಶ್ನಿಸಿದ್ದು 'ಒಂದು ಔಷಧ, ಒಂದು ಗುರಿ' ಎಂಬ ನಂಬಿಕೆಯನ್ನು (ಗುರಿ ಎಂದರೆ ಔಷಧ ದೇಹದಲ್ಲಿ ಹೋಗಿ ತಾಗುವ ಪ್ರೋಟೀನು). ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮುಖ್ಯವಾಗಿ ಒಂದೇ ಕಿಣ್ವವನ್ನು ತಡೆಯುತ್ತದೆ. ಲಕ್ಷಣಗಳು ಕೊಂಚ ತಗ್ಗಬಹುದು, ರೋಗ ಮುಂದುವರಿಯುತ್ತಲೇ ಇರುತ್ತದೆ. ಹಲವು ಪ್ರೋಟೀನುಗಳು ಒಟ್ಟಿಗೆ ಹದತಪ್ಪುವ ಕಾಯಿಲೆಗೆ ಹಲವು ಗುರಿಗಳನ್ನು ಹುಡುಕುವುದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ಆದರೆ ಕಂಪ್ಯೂಟರಿನ ನಕ್ಷೆಯೇ ಔಷಧವಾಗದು. ಈರುಳ್ಳಿಯಲ್ಲೂ ಇರುವ ಕ್ವೆರ್ಸೆಟಿನ್ ಇಂಥ ಎಷ್ಟೋ ಅಧ್ಯಯನಗಳಲ್ಲಿ ಮುಖ್ಯ ಅಣುವಾಗಿ ಮೇಲೆ ಬರುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಅಲ್ಪ, ಮಿದುಳಿನ ತಡೆಗೋಡೆ ದಾಟುವುದು ಇನ್ನೂ ಕಷ್ಟ. ನಸುಗುನ್ನಿಯ ಕಥೆ ಬೇರೆ: ಅದರ ಬೀಜದಿಂದ, ಪಾರ್ಕಿನ್ಸನ್‌ಗೆ ಔಷಧವಾಗಿ ಕೊಡುವ ಎಲ್-ಡೋಪಾವನ್ನು 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು, ಪಾರ್ಕಿನ್ಸನ್ ರೋಗಿಗಳ ಮೇಲೆ ಪರೀಕ್ಷೆಗಳೂ ನಡೆದಿವೆ.

ನಮ್ಮ ಬೆಂಗಳೂರಿನಲ್ಲೇ ನಿಮ್ಹಾನ್ಸ್‌ನ ಮಿದುಳು ಅಂಗಾಂಶ ಸಂಗ್ರಹವಿದೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ; ಊಹೆಗಳನ್ನು ಪರೀಕ್ಷಿಸಲು ನೆರವು ದೂರವಿಲ್ಲ. ಈ ವಿಜ್ಞಾನಿ ಊಹಿಸಿದ ಗುರಿಗಳಲ್ಲಿ ಯಾವುದನ್ನಾದರೂ ಜೀವಕೋಶ ಅಥವಾ ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆಯೇ? ಅಮ್ಮನ ಪಾರ್ಕಿನ್ಸನ್ ನೋಡಿಕೊಳ್ಳುವ ನನಗೆ ಅದನ್ನೇ ತಿಳಿಯಬೇಕಿತ್ತು. ಲೇಖಕರು ದಯವಿಟ್ಟು ಅದನ್ನು ಕೇಳಿ ಬರೆಯಲಿ.