ಸೀಟು ಕೊಟ್ಟ ಮಾತ್ರಕ್ಕೆ ಆಯ್ತಾ?

ನಮ್ಮ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳೂ ಓದುತ್ತಾರೆ ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಸ್ಕೂಲ್ ಡೇ ದಿನ ಫಾದರ್ ಹೇಳುತ್ತಾರೆ, ಮುಖ್ಯ ಅತಿಥಿ ಹೇಳುತ್ತಾರೆ, ಕೆಳಗೆ ಕೂತವರು ಚಪ್ಪಾಳೆ ತಟ್ಟುತ್ತೇವೆ. ಸುಳ್ಳೇನಲ್ಲ ಬಿಡಿ. ಹಾಜರಿ ಪುಸ್ತಕ ತೆರೆದರೆ ಎಷ್ಟೋ ಕ್ಲಾಸುಗಳಲ್ಲಿ ಕ್ರೈಸ್ತ ಹೆಸರುಗಳೇ ಕಡಿಮೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಬಂದ ಮಾತ್ರಕ್ಕೆ ಆ ಮಗುವಿನ ಅಪ್ಪ ಅಮ್ಮ ಗೇಟಿನ ಒಳಗೆ ಧೈರ್ಯವಾಗಿ ಕಾಲಿಡುತ್ತಾರಾ? ನನಗೆ ಅನುಮಾನ. ನಾನು ಹುಟ್ಟಾ ಕ್ಯಾಥೊಲಿಕ್, ಕಾನ್ವೆಂಟಿನಲ್ಲೇ ಓದಿದವಳು, ಮಗಳೂ ಅಂಥದ್ದೇ ಒಂದು ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಮನೆಯವಳೇ ಹೇಳುತ್ತಿದ್ದಾಳೆ ಅಂದುಕೊಂಡು ಓದಿ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಧರ್ಮದ ವಿಷಯದಲ್ಲಿ ಮೈಸೂರು ಸೀಮೆ ಮೊದಲಿಂದಲೂ ಸಲೀಸು. ನಮ್ಮ ಫಿಲೋಮಿನಾ ಚರ್ಚ್ ಇರುವ ಕಡೆ 1843ರಲ್ಲೇ ಒಂದು ಚರ್ಚ್ ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಈಗಿನ ದೊಡ್ಡ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಕೆ.ಆರ್. ನಗರದ ಹತ್ತಿರ ಡೋರ್ನಹಳ್ಳಿಗೆ ಹೋಗಿ ನೋಡಿ. ಸಂತ ಅಂತೋಣಿಯವರ ಮುಂದೆ ಮೇಣದಬತ್ತಿ ಹಚ್ಚುವವರಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ, ಬುರ್ಖಾ ಹಾಕಿದವರೂ ಇರುತ್ತಾರೆ, ನೀವು ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಸ್ಕೂಲಿನಲ್ಲೂ ಅಷ್ಟೇ. ಡಿಸೆಂಬರಿನಲ್ಲಿ ಗೋದಲಿ ಕಟ್ಟುವುದಕ್ಕೆ ಹುಲ್ಲು, ಪಾಚಿ ಹೊತ್ತು ತರುವವರು ಹೆಚ್ಚಾಗಿ ಹಿಂದೂ ಹುಡುಗರೇ. ಮೇರಿ ಮಾತೆ ಯಾರಾಗಬೇಕು ಅಂತ ಜಗಳ ಆಡುವ ಹುಡುಗಿಯರಲ್ಲಿ ಧರ್ಮ ಹುಡುಕಿದರೂ ಸಿಗಲ್ಲ.

2024ರ ಏಪ್ರಿಲ್‌ನಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ, ಅದೇ ಸಿಬಿಸಿಐ, ತನ್ನ ಶಾಲೆಗಳಿಗೆಲ್ಲ ಒಂದು ಸೂಚನೆ ಕಳಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಸಾಧ್ಯವಾದರೆ ಎಲ್ಲ ಧರ್ಮದವರೂ ಕೂರಬಹುದಾದ ಪ್ರಾರ್ಥನಾ ಕೋಣೆ ಮಾಡಿ ಅಂತೆಲ್ಲ ಅದರಲ್ಲಿದೆ. ಒಳ್ಳೆಯ ಕೆಲಸ. ದೇಶದ ಕೆಲವು ಕಡೆ ಕ್ರೈಸ್ತ ಶಾಲೆಗಳ ಮೇಲೆ ಗಲಾಟೆ ಜಾಸ್ತಿಯಾದ ಮೇಲೆ ಬಂದ ಸೂಚನೆ ಅದು ಅನ್ನುವುದೂ ನಿಜ. ಹೆದರಿಕೆಯಿಂದ ಬಂದರೂ ಒಳ್ಳೆಯ ಸೂಚನೆ ಒಳ್ಳೆಯದೇ ಅಲ್ವಾ. ಸಂವಿಧಾನದ 28ನೇ ವಿಧಿಯಲ್ಲಿ ಇದು ಯಾವಾಗಲೋ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರು ಒಪ್ಪದೆ ಮಗುವನ್ನು ಧರ್ಮಬೋಧೆಗೆ ಕೂರಿಸುವ ಹಾಗಿಲ್ಲ.

ಅದಕ್ಕೇ ನಮ್ಮಲ್ಲಿ ಒಂದು ಪಿರಿಯಡ್ ಇದೆ, ಕ್ಯಾಥೊಲಿಕ್ ಮಕ್ಕಳು ಸತ್ಯೋಪದೇಶಕ್ಕೆ, ಅಂದರೆ ನಮ್ಮ ಧರ್ಮದ ಪಾಠಕ್ಕೆ, ಒಂದು ಕಡೆ, ಉಳಿದವರು ಮಾರಲ್ ಸೈನ್ಸ್‌ಗೆ ಇನ್ನೊಂದು ಕಡೆ. ಕಾನೂನಿನ ಪ್ರಕಾರ ಸರಿ. ಆದರೆ ವಾರವೆಲ್ಲ ಒಂದೇ ಬೆಂಚಿನಲ್ಲಿ ಕೂತ ಮಕ್ಕಳಿಗೆ ನೀನು ಬೇರೆ ನಾನು ಬೇರೆ ಅಂತ ಗೊತ್ತಾಗುವುದು ಆ ನಲವತ್ತು ನಿಮಿಷದಲ್ಲೇ. ತಿಂಗಳಿಗೊಮ್ಮೆಯಾದರೂ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ರಂಜಾನ್ ಉಪವಾಸ ಯಾಕೆ, ಶ್ರಾವಣ ಯಾಕೆ, ಈಸ್ಟರ್ ಮುಂಚಿನ ತಪಸ್ಸುಕಾಲ ಯಾಕೆ ಅಂತ ಮಕ್ಕಳ ಬಾಯಿಂದಲೇ ಹೇಳಿಸಬಹುದಲ್ಲ. ಇದಕ್ಕೆ ಖರ್ಚೂ ಇಲ್ಲ.

ಸರಿ, ಧರ್ಮದ ಪೇಪರಿನಲ್ಲಿ ನಾವು ಪಾಸು. ನಾವು ಫೇಲ್ ಆಗುವುದು ಭಾಷೆಯಲ್ಲಿ, ದುಡ್ಡಿನಲ್ಲಿ. ಅದರ ಬಗ್ಗೆ ಯಾರೂ ಭಾಷಣ ಮಾಡಲ್ಲ.

ಹೋದ ವರ್ಷದ ಪೋಷಕರ ಸಭೆ. ನನ್ನ ಮುಂದಿನ ಕುರ್ಚಿಯಲ್ಲಿ ಮಂಡ್ಯ ಕಡೆಯ ಹೆಂಗಸು, ಪಕ್ಕದಲ್ಲಿ ಎಂಟನೇ ಕ್ಲಾಸಿನ ಮಗ. ಆ ಹುಡುಗನ ಅಪ್ಪ ಆಲೆಮನೆಯಲ್ಲಿ ಕೆಲಸಕ್ಕಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಮಿಸ್ ಮಾರ್ಕ್ಸ್ ಕಾರ್ಡ್ ಮುಂದಿಟ್ಟುಕೊಂಡು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಹುಡುಗನಿಗೆ ಗಮನವೇ ಇಲ್ಲ, ಹೋಂವರ್ಕ್ ಮಾಡಲ್ಲ, ಪಕ್ಕದವನ ಜೊತೆ ಮಾತು ಜಾಸ್ತಿ. ಆ ತಾಯಿ ಪ್ರತಿ ವಾಕ್ಯಕ್ಕೂ ಗೌರವದಿಂದ ತಲೆಯಾಡಿಸುತ್ತಿದ್ದರು. ಕೊನೆಗೆ ಮೆಲ್ಲಗೆ ಮಗನನ್ನು ಕೇಳಿದರು, ‘ಏನಂತಾವ್ರೆ ಮಿಸ್ಸು?’ ಅವನು ಕಣ್ಣು ಮಿಟುಕಿಸದೆ ಹೇಳಿದ, ‘ಚೆನ್ನಾಗ್ ಓದ್ತೀನಂತೆ ಕಣವ್ವ, ಅಕ್ಸರ ಒಂಚೂರು ದುಂಡಗೆ ಬರೀಬೇಕಂತೆ.’ ತಾಯಿಗೆ ಖುಷಿಯೋ ಖುಷಿ. ಕೈಮುಗಿದು ಎದ್ದು ಹೋದರು. ಮಿಸ್‌ಗೂ ಸಮಾಧಾನ, ಹೇಳಬೇಕಾದದ್ದು ಹೇಳಿಯಾಯಿತು ಅಂತ.

ನಾನೂ ನಕ್ಕೆ, ಹುಡುಗ ಚುರುಕು. ಆದರೆ ಆ ಮಿಸ್ ಮನೆಯಲ್ಲಿ ಮಾತಾಡುವುದೂ ಕನ್ನಡವೇ ಕಣ್ರೀ! ಸಿಟಿ ಬಸ್ಸಿನಲ್ಲಿ ಫೋನಿನಲ್ಲಿ ಮಾತಾಡುವುದನ್ನು ಎಷ್ಟು ಸಲ ಕೇಳಿದ್ದೇನೆ. ಆ ತಾಯಿಯ ಹತ್ತಿರ ಎರಡು ಮಾತು ಕನ್ನಡದಲ್ಲಿ ಆಡಲು ಏನು ಅಡ್ಡ ಬಂತು? ನಿಯಮ. ಕ್ಯಾಂಪಸ್ಸಿನಲ್ಲಿ ಇಂಗ್ಲಿಷೇ ಆಗಬೇಕು ಅನ್ನುವ ನಿಯಮ. ಮಕ್ಕಳು ಕನ್ನಡ ಆಡಿದರೆ ಡೈರಿಯಲ್ಲಿ ಬರೆಯುತ್ತಾರೆ, ಕೆಲವು ಕಡೆ ಫೈನ್ ಕೂಡ ಹಾಕುತ್ತಾರೆ. ನಮ್ಮ ಧರ್ಮಸಭೆಯೇ 1960ರ ದಶಕದಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಆದ ಮೇಲೆ, ಜನಕ್ಕೆ ಅರ್ಥವಾಗಲಿ ಅಂತ ಲ್ಯಾಟಿನ್ ಪೂಜೆಯ ಜಾಗದಲ್ಲಿ ಆಯಾ ಊರಿನ ಭಾಷೆಗೆ ಅವಕಾಶ ಕೊಟ್ಟಿತು. ಅದಕ್ಕೂ ಎಷ್ಟೋ ಹಿಂದೆ, ಟಿಪ್ಪು ಕಾಲ ಮುಗಿದ ಹೊಸದರಲ್ಲಿ ಶ್ರೀರಂಗಪಟ್ಟಣದ ಕಡೆ ಇದ್ದ ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ ಈ ನೆಲದ ಬಟ್ಟೆ ತೊಟ್ಟು, ಈ ನೆಲದ ಮಾತು ಕಲಿತು ಜನರ ಮಧ್ಯೆ ಬದುಕಿದರು. ಈಗ ನೋಡಿದರೆ ದೇವರ ಹತ್ತಿರ ಕನ್ನಡದಲ್ಲಿ ಮಾತಾಡಬಹುದು, ಹೆಡ್‌ಮಿಸ್ಟ್ರೆಸ್ ಹತ್ತಿರ ಆಗಲ್ಲ!

ಪೂರ್ತಿ ತಪ್ಪು ಸ್ಕೂಲಿನದೇ ಅನ್ನುವುದಿಲ್ಲ. ‘ಇಂಗ್ಲಿಷ್ ಕಲೀಲಿ ಅಂತ ತಾನೆ ಕಾನ್ವೆಂಟಿಗೆ ಹಾಕಿರೋದು, ಕನ್ನಡಕ್ಕಾದ್ರೆ ಮನೆ ಮುಂದಿನ ಸರ್ಕಾರಿ ಶಾಲೆ ಇತ್ತಲ್ಲ’ ಅಂತ ಪೋಷಕರೇ ಹೇಳುತ್ತಾರೆ. ಇಂಗ್ಲಿಷ್ ಕಲಿಸಿ ಸ್ವಾಮಿ, ಚೆನ್ನಾಗಿ ಕಲಿಸಿ. ಅಪ್ಪ ಅಮ್ಮನ ಬಾಯಿ ಯಾಕೆ ಕಟ್ಟಬೇಕು?

ಇನ್ನು ದುಡ್ಡು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಕಾಲು ಭಾಗ ಸೀಟನ್ನು ಬಡ ಮಕ್ಕಳಿಗೆ ಬಿಡಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂದಿತು. ಅಲ್ಪಸಂಖ್ಯಾತರು ತಮ್ಮ ಶಾಲೆ ತಾವೇ ನಡೆಸಬಹುದು ಅಂತ ಸಂವಿಧಾನದ 30ನೇ ವಿಧಿ ಕೊಟ್ಟ ಹಕ್ಕು ಅದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಕ್ಕು ಇಟ್ಟುಕೊಂಡು ನಮ್ಮ ಬಡವರಿಗೆ ಏನು ಮಾಡಿದೆವು? 2016ರಲ್ಲಿ ಸಿಬಿಸಿಐ ದಲಿತರ ಬಗ್ಗೆ ಒಂದು ನೀತಿ ಹೊರತಂದಿತು. ದೇಶದ ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ಜನ ದಲಿತರು, ಚರ್ಚಿನ ಒಳಗೂ ಜಾತಿ ಇದೆ ಅಂತ ಅದರಲ್ಲೇ ಒಪ್ಪಿಕೊಂಡಿದ್ದಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ. ಕರ್ನಾಟಕದಲ್ಲಿ ಅವರು ಪ್ರವರ್ಗ 1ಕ್ಕೆ ಬರುತ್ತಾರೆ, ಅದಕ್ಕೂ ಸರ್ಟಿಫಿಕೇಟಿಗಾಗಿ ತಾಲ್ಲೂಕು ಕಚೇರಿ ಅಲೆಯಬೇಕು. ನಮ್ಮ ಧರ್ಮಕೇಂದ್ರದಲ್ಲಿ ಚರ್ಚಿನ ಅಂಗಳ ಗುಡಿಸುವ ಅಕ್ಕನ ಮಕ್ಕಳು, ಅದೇ ಕಾಂಪೌಂಡಿನ ಹೈಸ್ಕೂಲು ಬಿಟ್ಟು ಒಂದೂವರೆ ಕಿಲೋಮೀಟರ್ ನಡೆದು ಬೇರೆ ಶಾಲೆಗೆ ಹೋಗುತ್ತಾರೆ. ಭಾನುವಾರ ಒಂದೇ ಪೂಜೆ, ಸೋಮವಾರ ಬೇರೆ ಬೇರೆ ಗೇಟು. ಫೀಸ್ ರಿಯಾಯಿತಿ ಇಲ್ಲವೇ ಅಂದರೆ ಇದೆ, ಕೇಳಿದವರಿಗೆ. ಕೇಳಲು ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕು. ಮತ್ತೆ ಅಲ್ಲಿಗೇ ಬಂತು ನೋಡಿ.

ಅಂಗವಿಕಲ ಮಕ್ಕಳ ವಿಷಯ ಹೇಳದಿದ್ದರೆ ಆಗದು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ, ಕಲಿಕೆಯ ತೊಂದರೆಯೂ ಅದರಲ್ಲಿ ಸೇರಿದೆ. ಮೈಸೂರಿನವರಿಗೆ ನೆಪ ಹೇಳುವ ಹಾಗೇ ಇಲ್ಲ. ದೇಶಕ್ಕೇ ಹೆಸರಾದ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಆದರೂ ತೊದಲುವ ಮಗುವಿಗೆ ಅಸೆಂಬ್ಲಿಯಲ್ಲಿ ಓದಲು ಬಿಡಲ್ಲ, ಅಕ್ಷರ ಹಿಂದುಮುಂದು ಬರೆಯುವವನನ್ನು ಸೋಮಾರಿ ಅನ್ನುತ್ತಾರೆ, ಒಂಬತ್ತನೇ ಕ್ಲಾಸಿನಲ್ಲಿ ‘ಬೇರೆ ಸ್ಕೂಲು ನೋಡಿಕೊಳ್ಳಿ’ ಅಂತ ಮೆಲ್ಲಗೆ ಟಿಸಿ ಕೊಡುತ್ತಾರೆ. ಯಾಕೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಬರಬೇಕು, ಗೇಟಿಗೆ ಬ್ಯಾನರ್ ಕಟ್ಟಬೇಕು. ಆ ಬ್ಯಾನರಿನಲ್ಲಿ ಟಿಸಿ ತಗೊಂಡು ಹೋದವರ ಲೆಕ್ಕ ಇರುವುದಿಲ್ಲ.

ಇದನ್ನೆಲ್ಲ ಮೊನ್ನೆ ಸಿಸ್ಟರ್ ಹತ್ತಿರ ಹೇಳಿದೆ. ಅವರು ಒಳ್ಳೆಯವರೇ, ಸಿಟ್ಟಾಗಲಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಫೀಸ್ ರಿಯಾಯಿತಿ ಅರ್ಜಿಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ ಇಡಿ, ಟಿಸಿ ಕೊಟ್ಟ ಮಕ್ಕಳ ಲೆಕ್ಕ ಓದಿ ಹೇಳಿ, ನಾನು ಎದ್ದು ಕನ್ನಡದಲ್ಲೇ ಮಾತಾಡುತ್ತೇನೆ ಅಂದೆ. ಅರ್ಜಿ ಆಗುತ್ತದೆ ಅಂದರು. ಟಿಸಿ ಲೆಕ್ಕಕ್ಕೆ ಮ್ಯಾನೇಜರ್ ಫಾದರನ್ನು ಕೇಳಬೇಕಂತೆ. ‘ಮಾತಾಡಿಮ್ಮ, ಆದ್ರೆ ಐದೇ ನಿಮಿಷ. ನೀವು ಶುರು ಮಾಡಿದ್ರೆ ನಿಲ್ಲಿಸಲ್ಲ.’