ಕುರ್ಚಿಯಲ್ಲಿ ಕೂತವನದ್ದು ಎಂತ ಕೆಲಸ?

ಕೆಲವು ವರ್ಷಗಳ ಹಿಂದೆ ಮಲ್ಪೆ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಂದು ಸಣ್ಣ ಸಿನಿಮಾದ ಶೂಟಿಂಗ್ ಆಗಿತ್ತು. ಎರಡು ದಿನ ನೋಡಿದ ಮೇಲೆ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲ ಕೇಳಿದರು: "ಅಲ್ಲ ಮಾರಾಯ, ಕ್ಯಾಮೆರಾ ಹಿಡಿಯುದು ಬೇರೆಯವ. ಲೈಟ್ ಹಾಕುದು ಇನ್ನೊಬ್ಬ. ಆಕ್ಟಿಂಗ್ ಅಂತೂ ಇಲ್ಲವೇ ಇಲ್ಲ. ಮತ್ತೆ ಆ ಕುರ್ಚಿಯಲ್ಲಿ ಕೂತವನದ್ದು ಎಂತ ಕೆಲಸ?"

"ಅವರೇ ಡೈರೆಕ್ಟರು" ಅಂದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತಿತ್ತು.

ಮರುದಿನ ಒಂದು ಸೀನು ಇತ್ತು. ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ನಾಡದೋಣಿಗಳು ಮಾತ್ರ ಹೋಗುತ್ತವೆ. ಕಥೆಯೂ ಅದೇ. ನಾಡದೋಣಿಯಲ್ಲಿ ಹೋದ ಮಗ ವಾಪಸ್ ಬರಲಿಲ್ಲ. ಅಮ್ಮ ಹಿಂದಿನ ಜಗಲಿಯಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಬಂಗುಡೆ ಕೊಯ್ಯುತ್ತಿರುವಾಗ ಸುದ್ದಿ ಬರುತ್ತದೆ.

ಅಮ್ಮನ ಪಾತ್ರದವರು ನಾಟಕದಲ್ಲಿ ಪಳಗಿದವರು. ಪುರಭವನದ ಕೊನೆಯ ಸಾಲಿಗೂ ಮುಟ್ಟುವ ಹಾಗೆ ಅಳುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಮೊದಲ ಟೇಕಿನಲ್ಲೇ ಎದೆ ಬಡಿದುಕೊಂಡು ಅತ್ತರು. ನೋಡುತ್ತಿದ್ದ ನಮ್ಮ ಕಣ್ಣಲ್ಲೂ ನೀರು. ಡೈರೆಕ್ಟರ್ ಮಾತ್ರ ಓಕೆ ಅನ್ನಲಿಲ್ಲ. ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತು ಹೇಳಿದರು: "ಅಕ್ಕಾ, ಅಳುದು ಬೇಡ. ಮೀನು ಕೊಯ್ಯುದನ್ನು ಮಾತ್ರ ನಿಲ್ಲಿಸ್ಬೇಡಿ."

ಸೌಂಡಿನವರಿಗೆ ಶೀಟಿನ ಮೇಲಿನ ಮಳೆ ಸದ್ದು ಜಾಸ್ತಿ ಆಯಿತು. ಕ್ಯಾಮೆರಾದವರಿಗೆ ಅದೇ ಮಳೆ ಬೇಕು. ಮೇಕಪ್ಪಿನವರಿಗೆ ಕಣ್ಣೀರು ಇಲ್ಲದಿದ್ದರೆ ಹೇಗೆ ಅಂತ ಚಿಂತೆ. ಅವರವರ ಕೆಲಸದ ಮಟ್ಟಿಗೆ ಎಲ್ಲರೂ ಸರಿಯೇ. ಒಂಬತ್ತು ಟೇಕ್ ಆಯಿತು. ಪ್ರತಿ ಟೇಕಿಗೂ ಹೊಸ ಬಂಗುಡೆ ಬೇಕಲ್ವಾ, ಅಸಿಸ್ಟೆಂಟ್ ಹುಡುಗ ಎರಡು ಸಲ ಮಾರ್ಕೆಟಿಗೆ ಓಡಿದ. ಆ ಸಮಯದಲ್ಲಿ ಮೀನಿನ ರೇಟು ಗೊತ್ತುಂಟಲ್ಲ! (ಕೊಯ್ದದ್ದೆಲ್ಲ ಪುಳಿಮುಂಚಿ ಆಗಿ ನಮ್ಮ ಹೊಟ್ಟೆಗೆ ಸೇರಿತು, ಅದು ಬೇರೆ ವಿಷಯ.) ಒಂಬತ್ತನೇ ಸಲ ಸುದ್ದಿ ಕೇಳಿದಾಗ ಅವರ ಕೈ ಒಂದು ಗಳಿಗೆ ನಿಧಾನ ಆಯಿತು. ಆಮೇಲೆ ಪಾತ್ರೆಯಿಂದ ಇನ್ನೊಂದು ಮೀನು ತೆಗೆದರು. ಅಷ್ಟೇ. ಕಟ್ ಹೇಳಲು ಡೈರೆಕ್ಟರಿಗೂ ಸ್ವಲ್ಪ ತಡ ಆಯಿತು.

ನಮ್ಮ ಕಡೆ ಡೈರೆಕ್ಟರ್ ಅಂದರೆ ಯಕ್ಷಗಾನದಲ್ಲಿ ಪದ ಹೇಳಿ ಆಟ ನಡೆಸುವ ಭಾಗವತರ ಹಾಗೆ ಅಂತ ಹೇಳುವುದುಂಟು. ಭಾಗವತರನ್ನು ಮೊದಲನೇ ವೇಷ ಅಂತಲೇ ಕರೆಯುತ್ತೇವೆ. ಹೋಲಿಕೆ ಚಂದ ಉಂಟು, ಆದರೆ ಅರ್ಧ ಮಾತ್ರ ಸರಿ. ಭಾಗವತರ ಕಣ್ಣೆದುರು ಪ್ರಸಂಗ ಮೊದಲಿಂದ ಕೊನೆಯವರೆಗೆ ಸಾಲಾಗಿ ನಡೆಯುತ್ತದೆ. ವೇಷಧಾರಿ ಎಳೆದರೆ ಪದ ಚುರುಕು ಮಾಡಿ ಅಲ್ಲೇ ಸರಿ ಮಾಡಬಹುದು. ಸಿನಿಮಾದಲ್ಲಿ ಹಾಗಲ್ಲ. ಬೆಳಿಗ್ಗೆ ಮಗ ಸತ್ತ ಸೀನು, ಮಧ್ಯಾಹ್ನ ಅದೇ ಮಗನ ಮದುವೆ ಮಾತುಕತೆ. ಯಾವ ಸೀನಿಗೆ ಎಷ್ಟು ದುಃಖ ಬೇಕು, ಮುಂದಕ್ಕೆ ಎಷ್ಟು ಉಳಿಸಬೇಕು ಅಂತ ಕಲಾವಿದರಿಗೆ ಹೇಗೆ ಗೊತ್ತಾಗಬೇಕು? ಇಡೀ ಸಿನಿಮಾ ಆಗ ಇರುವುದು ಒಬ್ಬನ ತಲೆಯಲ್ಲಿ ಮಾತ್ರ.

ಕಥೆಯನ್ನೇ ಬೇರೆ ಕಾಲಕ್ಕೆ ತರುವುದೂ ಅದೇ ತಲೆ. ನಮ್ಮ ಕುಂದಾಪುರದ ವೈದೇಹಿಯವರ ಕಥೆಯಲ್ಲಿ ಇದ್ದದ್ದು ಟಾಕೀಸು. ಗಿರೀಶ್ ಕಾಸರವಳ್ಳಿ 2008ರಲ್ಲಿ 'ಗುಲಾಬಿ ಟಾಕೀಸು' ಮಾಡುವಾಗ ಅದನ್ನು ಕಾರ್ಗಿಲ್ ಯುದ್ಧದ ಸಮಯಕ್ಕೆ ತಂದು, ನಾಯಕಿ ಗುಲಾಬಿಯ ಮನೆಗೆ ಟಿವಿ ಮತ್ತು ಡಿಶ್ ಕೊಟ್ಟರು. ಅಕ್ಕಪಕ್ಕದ ಹೆಂಗಸರು ಟಿವಿ ಮುಂದೆ ಸೇರುವುದು ಒಂದು ಕಡೆ, ಊರು ಒಡೆಯುವುದು ಇನ್ನೊಂದು ಕಡೆ. ಗುಲಾಬಿಯ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನಮಗೆಲ್ಲ ನೆನಪುಂಟು. ಆ ಡಿಶ್ ಅಲ್ಲಿಗೆ ಯಾಕೆ ಬಂತು ಅಂತ ಕೇಳುವವರು ಕಡಿಮೆ.

ಈಗ ಬೈಗುಳ ತಿನ್ನುವ ಮಾತು. 1971ರಲ್ಲಿ ಮೊದಲ ತುಳು ಸಿನಿಮಾ ಬಂತು. ಇಷ್ಟು ವರ್ಷ ಆದರೂ ನಮ್ಮಲ್ಲಿ ಎಷ್ಟೋ ಸಿನಿಮಾದಲ್ಲಿ ಕ್ಯಾಮೆರಾ ಇನ್ನೂ ನಾಟಕದ ಮೊದಲ ಸಾಲಿನ ಕುರ್ಚಿಯಲ್ಲೇ ಕೂತಿದೆ. ನಾಲ್ಕು ಜನ ಸಾಲಾಗಿ ನಿಲ್ಲುವುದು, ಸರದಿಯಲ್ಲಿ ಕಾಮಿಡಿ ಹೊಡೆಯುವುದು. ನಾನೂ ಬಿದ್ದು ಬಿದ್ದು ನಗುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಡೈರೆಕ್ಟರ್ ಇರುವುದು ಪೋಸ್ಟರಿನಲ್ಲಿ ಮಾತ್ರ. ಒಳ್ಳೆ ನಟನಿಗೆ "ಇದು ಬೇಡ" ಅನ್ನುವ ಒಬ್ಬ ಸೆಟ್ಟಿನಲ್ಲಿ ಇಲ್ಲದಿದ್ದರೆ ಹಾಗೇ ಆಗುವುದು.

ದೊಡ್ಡಮ್ಮನ ಮನೆಯ ಸಿನಿಮಾ ಮುಗಿದು ತೋರಿಸುವಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಆ ಸೀನು ಬಂತು. ಪರದೆಯಲ್ಲಿ ಇದ್ದದ್ದು ಅಮ್ಮನ ಬೆನ್ನು, ಸ್ವಲ್ಪ ಭುಜ, ಆಚೆ ಮಳೆ. ಕತ್ತಿಯ ಸದ್ದು ಮಾತ್ರ ಕೇಳುತ್ತದೆ, ನಡುವೆ ಒಮ್ಮೆ ನಿಲ್ಲುತ್ತದೆ, ಪುನಃ ಶುರು ಆಗುತ್ತದೆ. ದೊಡ್ಡಮ್ಮ ನನ್ನ ಕೈ ಗಟ್ಟಿ ಹಿಡಿದುಕೊಂಡರು. ಸೀನು ಮುಗಿದ ಮೇಲೆ ಕಣ್ಣು ಒರೆಸಿಕೊಂಡು ಕಿವಿಯಲ್ಲಿ ಹೇಳಿದರು:

"ಅಷ್ಟು ಬಂಗುಡೆ ಕೊಯ್ದದ್ದು, ಒಂದಾದರೂ ಕಂಡಿತಾ ನೋಡು!"